ಸಿಂಧನೂರಿನ ನಾಪತ್ತೆ ವಿಭಾಗ

ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಹೊರಟ ಹುಡುಗ ಹುಡುಗಿಯರು ಈಚೆಗೆ ನನ್ನ ಮನೆಗೆ ಬಂದು, ‘ಸರ್, ನೀವು ಸೂಪರ್‌ಸಿಮ್ಮೆಟ್ರಿ ಕಣ ಹುಡುಕಿದ್ದಿರಂತೆ, ಹೇಗಿತ್ತು?’ ಎಂದು ಕೇಳುತ್ತಾರೆ. ಸಿಗಲಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಚಹಾ ಕುಡಿಸಿ ಕಳಿಸಬಹುದು. ಆದರೆ ಸಿಗದೇ ಇರುವುದಕ್ಕೂ ಎಷ್ಟು ದುಡಿಯಬೇಕು, ಯಾರ್‍ಯಾರಿಂದ ಬೈಸಿಕೊಳ್ಳಬೇಕು, ಎಂಥೆಂಥ ತಪ್ಪು ಮಾಡಬೇಕು ಎಂಬುದು ಅವರಿಗೆ ಗೊತ್ತಿಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ. ನಾನು ಯಾವಾಗ ರೀಡರ್ ಆದೆ, ಯಾವಾಗ ವಿಭಾಗದ ಮುಖ್ಯಸ್ಥನಾದೆ ಎಂಬ ವಿವರ ಇದರಲ್ಲಿಲ್ಲ. ಅದು ಸೇವಾ ಪುಸ್ತಕದಲ್ಲಿದೆ, ಅಲ್ಲೂ ಎರಡು ಕಡೆ ತಪ್ಪಾಗಿದೆ.

ನನ್ನೂರು ಲಿಂಗಸುಗೂರು, ಕೆಲಸ ಸಿಂಧನೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಮಸ್ಕಿ ದಾಟಿ ಹೋಗಿ, ಓಮನ ನಿಯಮ, ಸ್ಪ್ರಿಂಗಿನ ತೂಗಾಟ, ಪ್ರಿಸಮ್ಮಿನ ಕೋನ ಹೇಳಿಕೊಟ್ಟು ಸಂಜೆ ವಾಪಸ್ಸು ಬರುತ್ತಿದ್ದೆ. ಎಂಬತ್ತರ ದಶಕದ ಕೊನೆಯವರೆಗೂ ನನ್ನ ವಿಜ್ಞಾನ ಅಷ್ಟೇ. ಪ್ರಯೋಗಾಲಯದಲ್ಲಿ ಇದ್ದ ಮೂರು ವೋಲ್ಟ್‌ಮೀಟರುಗಳು ಒಂದೇ ಬ್ಯಾಟರಿಗೆ ಮೂರು ಉತ್ತರ ಕೊಡುತ್ತಿದ್ದವು. ನಾನು ನಡುವಿನದನ್ನು ಸತ್ಯವೆಂದು ಘೋಷಿಸುತ್ತಿದ್ದೆ.

ಒಮ್ಮೆ ದೊಡ್ಡ ಊರಿನ ಒಂದು ಸಂಸ್ಥೆಯಿಂದ ಒಬ್ಬ ಪ್ರೊಫೆಸರರು ಬಂದರು. ಅವರನ್ನು ನಾವೆಲ್ಲ ದೊಡ್ಡ ಸಾಹೇಬರು ಎನ್ನುತ್ತಿದ್ದೆವು, ಇಲ್ಲಿಯೂ ಹಾಗೇ ಎನ್ನುತ್ತೇನೆ. ಅವರು ಬಂದದ್ದು ನಮ್ಮನ್ನು ನೋಡಲಿಕ್ಕಲ್ಲ. ಹಟ್ಟಿ ಚಿನ್ನದ ಗಣಿಯ ಆಳದಲ್ಲಿ ಏನಾದರೂ ಉಪಕರಣ ಇಡಬಹುದೇ ಎಂದು ನೋಡಲು ಇಳಿದು, ಅಲ್ಲಿನ ಸೆಕೆಗೆ ಬೆವರಿ ಮೇಲೆ ಬಂದು, ಇಡಲಾಗದು ಎಂದು ತೀರ್ಮಾನಿಸಿ ವಾಪಸ್ಸು ಹೋಗುತ್ತಿದ್ದರು. ಸಿಂಧನೂರಿನಲ್ಲಿ ಕಾರು ಕೆಟ್ಟಿತು. ಕಾರು ರಿಪೇರಿಯಾಗುವ ತನಕ ಕಾಲೇಜಿನಲ್ಲಿ ಕುಳಿತು ಮಾತಾಡಿದರು. ಆ ಮಾತಿನಲ್ಲೇ ನನ್ನ ಮುಂದಿನ ಹತ್ತು ವರ್ಷ ನಿರ್ಧಾರವಾಯಿತು.

ಅವರು ಹೇಳಿದ ಕಥೆ ಇಷ್ಟು. ಜಗತ್ತಿನಲ್ಲಿ ಎಷ್ಟು ಬಗೆಯ ಮೂಲಕಣಗಳಿವೆಯೋ ಅಷ್ಟಕ್ಕೂ ಒಂದೊಂದು ಜೋಡಿ ಇರಬೇಕು, ಅದೇ ಸೂಪರ್‌ಸಿಮ್ಮೆಟ್ರಿ, ಎಂದು ಸಿದ್ಧಾಂತದವರು ಹೇಳುತ್ತಾರೆ. ಎಲೆಕ್ಟ್ರಾನಿಗೆ ಸೆಲೆಕ್ಟ್ರಾನ್, ಕ್ವಾರ್ಕಿಗೆ ಸ್ಕ್ವಾರ್ಕ್. ಒಂದನ್ನೂ ಯಾರೂ ಕಂಡಿಲ್ಲ. ನಾಮಕರಣ ಮುಗಿದಿತ್ತು, ಕೂಸು ಹುಟ್ಟಿರಲಿಲ್ಲ. ಯುರೋಪಿನಲ್ಲಿ ನೆಲದಡಿ ಮೈಲುಗಟ್ಟಲೆ ಸುರಂಗ ತೋಡಿ, ಎರಡು ಕಡೆಯಿಂದ ಕಣಗಳನ್ನು ಓಡಿಸಿ ಎದುರುಬದುರು ಗುದ್ದಿಸುತ್ತಾರೆ. ಗುದ್ದಿದ ಜಾಗದ ಸುತ್ತ ಮನೆಯಷ್ಟು ದೊಡ್ಡ ಯಂತ್ರ ಕುಳಿತು ಹೊರಗೆ ಚಿಮ್ಮಿದ್ದನ್ನೆಲ್ಲ ಹಿಡಿಯುತ್ತದೆ. ಜೋಡಿ ಕಣವೇನಾದರೂ ಹುಟ್ಟಿದರೆ ಅದು ಯಂತ್ರಕ್ಕೆ ಸಿಗದೆ ನುಸುಳಿ ಹೋಗುತ್ತದೆ. ಹಾಗಾಗಿ ಅದನ್ನು ನೋಡಲಾಗದು. ಒಂದು ಪಕ್ಕಕ್ಕೆ ಶಕ್ತಿ ಹೋಗಿದೆ, ಎದುರು ಪಕ್ಕ ಖಾಲಿ ಇದೆ ಎಂದರೆ, ಆ ಖಾಲಿಯೇ ಅದರ ಗುರುತು.

‘ಅಂದರೆ ಇಲ್ಲದ್ದನ್ನು ನೋಡಬೇಕು’ ಎಂದೆ ನಾನು.

‘ಸರಿಯಾಗಿ ಹೇಳಿದಿರಿ. ಅದಕ್ಕೆ ಸಾವಿರಾರು ಚಿತ್ರಗಳನ್ನು ಕಣ್ಣಿನಿಂದ ಪರೀಕ್ಷಿಸಬೇಕು. ಕಂಪ್ಯೂಟರನ್ನು ಪೂರ್ತಿ ನಂಬುವ ಹಾಗಿಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಅಷ್ಟು ತಾಳ್ಮೆ ಇಲ್ಲ. ನಿಮ್ಮ ಊರಿನವರಿಗೆ ಕಣ್ಣಿದೆಯಲ್ಲವೇ?’

ಇದೆ ಎಂದೆ. ಕಾರು ರಿಪೇರಿಯಾಯಿತು. ಆರು ತಿಂಗಳಿಗೆ ಮಂಜೂರಾತಿ ಬಂತು, ಹಿಂದುಳಿದ ಪ್ರದೇಶಕ್ಕೆ ಉನ್ನತ ವಿಜ್ಞಾನ ಕೊಂಡೊಯ್ಯುವ ಯೋಜನೆ ಎಂದು. ಪ್ರಿನ್ಸಿಪಾಲರು ಸೈಕಲ್ ಸ್ಟ್ಯಾಂಡಿನ ಪಕ್ಕದ ಹಳೇ ಉಗ್ರಾಣ ಖಾಲಿ ಮಾಡಿಸಿಕೊಟ್ಟರು. ಕಾಲೇಜಿನ ತುಂಬ ಅದಕ್ಕೆ ‘ನಾಪತ್ತೆ ವಿಭಾಗ’ ಎಂಬ ಹೆಸರು ಬಿತ್ತು. ಕನ್ನಡ ಮೇಷ್ಟ್ರು ಇಟ್ಟ ಹೆಸರು, ಅವರಿಗೆ ನನ್ನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಿತ್ತು.

ಚಿತ್ರ ನೋಡಲು ಇಬ್ಬರನ್ನು ತೆಗೆದುಕೊಳ್ಳಬೇಕಿತ್ತು. ಹದಿನಾಲ್ಕು ಮಂದಿ ಸಂದರ್ಶನಕ್ಕೆ ಬಂದರು. ಹತ್ತು ಮಂದಿ ಇದು ಸರ್ಕಾರಿ ಫೋಟೋ ಸ್ಟುಡಿಯೋ ಎಂದು ತಿಳಿದಿದ್ದರು. ಮಸ್ಕಿಯ ಹುಲಿಗೆಮ್ಮ ಬಿ.ಎಸ್ಸಿ. ಒಂದು ವಿಷಯದಲ್ಲಿ ಫೇಲಾಗಿ ಕುಳಿತವಳು. ಆಕೆಯ ತಂದೆ ಎಡದಂಡೆ ಕಾಲುವೆಯ ಮೇಲೆ ಗೇಟು ಎತ್ತಿ ಇಳಿಸುವ ಲಷ್ಕರ್. ನಾನು ಬೋರ್ಡಿನ ಮೇಲೆ ಚಿತ್ರ ಬರೆದು, ‘ಎರಡೂ ಕಡಿ ಸಮ ಬರಬೇಕಿತ್ತವಾ, ಒಂದು ಕಡಿ ಬಂದದ, ಇನ್ನೊಂದು ಕಡಿ ಏನೂ ಬಂದಿಲ್ಲ. ಏನರ್ಥ?’ ಎಂದು ಕೇಳಿದೆ.

‘ನಡುವ ಯಾರೋ ಕದ್ದು ಪೈಪ್ ಹಾಕ್ಯಾರ್ರಿ ಸರ್.’

‘ಪೈಪ್ ಎಲ್ಲೂ ಕಾಣವಲ್ದು.’

‘ಹಂಗಂದ್ರ ನೀವು ಸರಿಯಾಗಿ ನೋಡಿಲ್ರಿ. ನಮ್ಮಪ್ಪ ಹತ್ತು ಸಲ ಕಾಲುವಿ ಮ್ಯಾಲ ಅಡ್ಡಾಡ್ತಾನ. ಆಮ್ಯಾಲ ಕಾಣ್ತದ.’

ಯುರೋಪಿನಲ್ಲಿ ಡಾಕ್ಟರೇಟ್ ಪಡೆದವರಿಗೂ ಇದನ್ನು ಮೂರು ತಿಂಗಳು ಹೇಳಿಕೊಡಬೇಕಾಗುತ್ತದೆ ಎಂದು ಆಮೇಲೆ ತಿಳಿಯಿತು. ಶಕ್ತಿ ಕಾಣೆಯಾದರೆ ಮೊದಲು ಯಂತ್ರದ ಸಂದುಗಳನ್ನು ಹುಡುಕಬೇಕು, ಹೊಸ ಕಣವನ್ನಲ್ಲ. ಹುಲಿಗೆಮ್ಮನನ್ನು ಆವತ್ತೇ ತೆಗೆದುಕೊಂಡೆ.

ಇನ್ನೊಬ್ಬಳು ಶೆಫಾಲಿ. ಸಿಂಧನೂರಿನ ಹತ್ತಿರ ನಿರಾಶ್ರಿತರಿಗೆ ನೆಲೆ ಕೊಟ್ಟ ಆರ್.ಎಚ್. ಕ್ಯಾಂಪಿನವಳು, ಬಂಗಾಲಿ ಮನೆಯವಳು. ಪಿಯುಸಿ ಓದಿದ್ದಳು. ಮಾತು ಕಡಿಮೆ. ಸ್ಕೇಲು ಹಿಡಿದು ಗೆರೆ ಎಳೆದರೆ ಅಚ್ಚು ಹಾಕಿದ ಹಾಗಿರುತ್ತಿತ್ತು. ಭತ್ತದ ಸಸಿ ನೆಟ್ಟೂ ನೆಟ್ಟೂ ಸಾಲು ಅಭ್ಯಾಸವಾಗಿದೆ ಎಂದು ಅವಳೇ ಹೇಳಿದಳು. ಸಾಲಿಗೆ ಸಾಲು ತಪ್ಪಿದರೆ ಅವರಪ್ಪ ಕಿತ್ತು ಮತ್ತೆ ನೆಡಿಸುತ್ತಿದ್ದರಂತೆ.

ಕೆಲಸದ ಕ್ರಮ ಹೇಳಿಬಿಡುತ್ತೇನೆ, ಮುಂದಿನದು ಅದರ ಮೇಲೇ ನಿಂತಿದೆ. ಪೆಟ್ಟಿಗೆಗಳಲ್ಲಿ ಹಾಳೆಗಳು ಬರುತ್ತಿದ್ದವು. ಒಂದು ಹಾಳೆಗೆ ಒಂದು ಡಿಕ್ಕಿ. ಅಡ್ಡ ಕೊಯ್ದ ಈರುಳ್ಳಿಯ ಹಾಗೆ ಸುತ್ತು ಸುತ್ತಾದ ಚಿತ್ರ, ಅದರಲ್ಲಿ ಹದಿನಾರು ಹೋಳು, ಹೋಳುಗಳಲ್ಲಿ ಅಲ್ಲಲ್ಲಿ ಶಕ್ತಿಯ ಗುರುತು. ಎಲ್ಲ ಗುರುತುಗಳನ್ನೂ ಅಳೆದು ಕೂಡಿಸಿ, ಕಾಣೆಯಾದ ಶಕ್ತಿ ಯಾವ ದಿಕ್ಕಿಗೆ ಹೋಗಿರಬೇಕು ಎಂದು ಪೆನ್ಸಿಲಿನಿಂದ ಬಾಣ ಎಳೆಯಬೇಕು. ಬಾಣ ತಾಗಿದ ಹೋಳಿನ ಸಂಖ್ಯೆಯನ್ನು ಷರಾ ಕಾಲಮ್ಮಿನಲ್ಲಿ ಬರೆಯಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಬಾರದು. ಆಮೇಲೆ ನನ್ನ ಕೆಲಸ. ಯಂತ್ರದಲ್ಲಿ ಆಯಾ ವಾರ ಕೆಟ್ಟು ನಿಂತ ಹೋಳುಗಳ ಪಟ್ಟಿ ಲಕೋಟೆಯಲ್ಲಿ ನನ್ನ ಹೆಸರಿಗೆ ಬರುತ್ತಿತ್ತು. ಬಾಣ ಸತ್ತ ಹೋಳಿಗೆ ತಾಗಿದರೆ ಆ ಹಾಳೆ ರದ್ದು, ಏಕೆಂದರೆ ಅಲ್ಲಿಗೆ ಏನು ಬಂದರೂ ಯಂತ್ರಕ್ಕೆ ತಿಳಿಯುವುದಿಲ್ಲ. ಜೀವಂತ ಹೋಳಿಗೆ ತಾಗಿಯೂ ಅಲ್ಲಿ ಏನೂ ಇಲ್ಲದಿದ್ದರೆ ಆ ಹಾಳೆಗೆ ‘ಅಭ್ಯರ್ಥಿ’ ಎಂಬ ಬಿರುದು. ಸತ್ತ ಹೋಳಿನ ಪಟ್ಟಿಯನ್ನು ಹುಡುಗಿಯರಿಗೆ ಖಂಡಿತ ತೋರಿಸಬಾರದು, ತೋರಿಸಿದರೆ ಅವರ ಕಣ್ಣು ಅತ್ತ ವಾಲುತ್ತದೆ ಎಂದು ಸಾಹೇಬರು ತಾಕೀತು ಮಾಡಿದ್ದರು. ನನ್ನ ಕಣ್ಣಿನ ಬಗ್ಗೆ ಏನೂ ಹೇಳಿರಲಿಲ್ಲ.

ನಮ್ಮ ಅಭ್ಯರ್ಥಿಗಳೆಲ್ಲ ಠೇವಣಿ ಕಳೆದುಕೊಂಡವರೇ. ಮೊದಲ ವರ್ಷ ಒಂದು ದಿನ ಮೂರು ಹಾಳೆಗಳಲ್ಲಿ ಒಂದೇ ಜಾಗದಲ್ಲಿ ಖಾಲಿ ಕಂಡಿತು. ನಾನು ಓಡಿ ಹೋಗಿ ಎಸ್‌ಟಿಡಿ ಬೂತಿನಿಂದ ಸಾಹೇಬರಿಗೆ ಫೋನು ಮಾಡಿದೆ. ಬೂತಿನ ಹೊರಗೆ ಸಾಲು ನಿಂತವರು ಕೇಳಲಿ ಎಂದು ಇಂಗ್ಲಿಷಿನಲ್ಲೇ ಕೂಗಿದೆ. ಅವರು ತಾಳ್ಮೆಯಿಂದ, ಹಾಳೆಯ ಉಳಿದ ಅಕ್ಷರಗಳೂ ಆ ಜಾಗದಲ್ಲಿ ಮಾಸಿವೆಯೇ ನೋಡಿ ಎಂದರು. ಮಾಸಿದ್ದವು. ಅವರ ಪ್ರಿಂಟರಿನ ರಿಬ್ಬನ್ ಸವೆದಿತ್ತು.

ಇನ್ನೊಮ್ಮೆ ಬಸ್ಸಿನಲ್ಲಿ ಕಳಿಸಿದ ಒಂದು ಪೆಟ್ಟಿಗೆ ಸಿಂಧನೂರಿಗೆ ಬರುವ ಮೊದಲೇ ಗೊರೇಬಾಳದಲ್ಲಿ ಇಳಿದುಬಿಟ್ಟಿತು. ಎರಡು ದಿನ ಹುಡುಕಿದೆವು. ಕೊನೆಗೆ ಅಲ್ಲಿನ ಹೋಟೆಲಿನಲ್ಲಿ ಮಿರ್ಚಿ ಕಟ್ಟಿಕೊಟ್ಟ ಕಾಗದ ನೋಡಿ ಹುಲಿಗೆಮ್ಮ ಗುರುತು ಹಿಡಿದಳು. ಹೋಟೆಲಿನ ಮಾಲೀಕರು ಒಳ್ಳೆಯವರು. ‘ಬಿಡ್ರಿ ಸರ್, ಇನ್ನೂ ಅರ್ಧ ಪೆಟ್ಟಿಗಿ ಉಳದದ. ಕಾಗದ ಭಾರಿ ಜಾಡ ಐತಿ, ಎಣ್ಣಿ ಸೋರಂಗಿಲ್ಲ, ಮತ್ತ ಬಂದ್ರ ಹೇಳ್ರಿ’ ಎಂದು ಉಳಿದದ್ದನ್ನು ಕೊಟ್ಟರು. ಕಡಿಮೆ ಬಿದ್ದ ಹಾಳೆಗಳಿಗೆ ಲಿಖಿತ ವಿವರಣೆ ಕೊಡಬೇಕಾಗಿತ್ತು. ನಾನು ಸತ್ಯವನ್ನೇ ಬರೆದೆ. ಆ ವರ್ಷದ ಯುರೋಪಿನ ಸಭೆಯಲ್ಲಿ ನನ್ನ ವಿವರಣೆಯನ್ನು ಊಟದ ಹೊತ್ತಿನಲ್ಲಿ ಓದಿ ನಕ್ಕರಂತೆ. ಅಲ್ಲಿಂದ ಮುಂದೆ ಸಾಹೇಬರು ನನ್ನನ್ನು ಯಾರಿಗಾದರೂ ಪರಿಚಯಿಸುವಾಗ ‘ಇವರೇ ಮಿರ್ಚಿಯವರು’ ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಉರಿಯುತ್ತಿತ್ತು.

ಸಿದ್ಧಾಂತದವರೊಬ್ಬರು ಒಮ್ಮೆ ಉಪನ್ಯಾಸಕ್ಕೆ ಬಂದರು. ಜೋಡಿ ಕಣ ಇಷ್ಟು ಭಾರವಿರುತ್ತದೆ ಎಂದು ಹಿಂದಿನ ವರ್ಷ ಹೇಳಿದ್ದವರು, ಅಷ್ಟರಲ್ಲಿ ಸಿಗಲಿಲ್ಲವಾದ್ದರಿಂದ ಈಗ ಅದಕ್ಕಿಂತ ಭಾರ ಎಂದರು. ಹುಲಿಗೆಮ್ಮ ಎದ್ದು ನಿಂತು, ‘ಸರ್, ಅಲ್ಲೂ ಸಿಗದಿದ್ರ?’ ಎಂದಳು.

‘ಇನ್ನೂ ಭಾರ ಇರಬಹುದಮ್ಮ.’

‘ಹಂಗಾದ್ರ ಸಿಕ್ಕರೂ ನಿಮ್ಮ ಮಾತು ಖರೇ, ಸಿಗದಿದ್ರೂ ನಿಮ್ಮ ಮಾತು ಖರೇ. ನಮಗೂ ಇಂಥಾ ಪರೀಕ್ಷಾ ಇಟ್ಟಿದ್ರ ನಾ ಯಾಕ್ರಿ ಫೇಲ್ ಆಗ್ತಿದ್ದೆ?’

ಅವರು ನೀರು ಕೇಳಿದರು. ವಂದನಾರ್ಪಣೆ ಬೇಗ ಮುಗಿಸಿದೆವು.

ಈಗ ಅಂಕಿಯ ವಿಷಯಕ್ಕೆ ಬರುತ್ತೇನೆ. ಮೊದಲ ವಾರ ಇಬ್ಬರೂ ಇಂಗ್ಲಿಷ್ ಅಂಕಿ ಬರೆಯುವಾಗ ಅವಸರದಲ್ಲಿ ತಪ್ಪು ಮಾಡುತ್ತಿದ್ದರು. ಚಿಕ್ಕಂದಿನಲ್ಲಿ ಕಲಿತ ಅಂಕಿಯಲ್ಲೇ ಬರೆಯಿರಿ, ಶುದ್ಧ ಪ್ರತಿ ನಾನು ಮಾಡುತ್ತೇನೆ ಎಂದು ಅಪ್ಪಣೆ ಕೊಟ್ಟೆ. ಹುಲಿಗೆಮ್ಮ ಕನ್ನಡದಲ್ಲಿ ಬರೆದಳು. ಶೆಫಾಲಿ ಮನೆಯಲ್ಲಿ ಅಪ್ಪ ಸ್ಲೇಟಿನ ಮೇಲೆ ಕಲಿಸಿದ ಬಂಗಾಲಿ ಅಂಕಿ ಬರೆದಳು. ಬಂಗಾಲಿ ಏಳು ಇಂಗ್ಲಿಷ್ ಒಂಬತ್ತರ ಹಾಗಿರುತ್ತದೆ, ಕನ್ನಡದ ಏಳು ಎರಡರ ಹಾಗೆ. ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿಕೊಂಡೆ. ಎರಡು ಲಿಪಿಗೂ ಹೊಂದಿ ಬಂದದ್ದು ನಾಲ್ಕು. ಅವಳದು ৪, ಇವಳದು ೪. ಆವತ್ತು ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ನಕ್ಕಿದ್ದರು. ‘ನಮ್ಮ ನಾಲ್ಕು, ನಿಮ್ಮ ನಾಲ್ಕು ಅಕ್ಕ ತಂಗಿ ಅದಾವ ನೋಡ’ ಎಂದಿದ್ದಳು ಹುಲಿಗೆಮ್ಮ. ಇಂಗ್ಲಿಷ್ ಬಲ್ಲವರಿಗೆ ಮಾತ್ರ ಎರಡೂ ಎಂಟಿನ ಹಾಗೆ ಕಾಣುತ್ತವೆ.

ಮೂರನೇ ವರ್ಷ ಸಾಹೇಬರ ಸಂಸ್ಥೆಯಲ್ಲಿ ಒಂದು ಕಾಯಂ ಹುದ್ದೆ ಹುಟ್ಟಿತು, ಪ್ರಯೋಗಾಲಯ ಸಹಾಯಕಿ. ನಮ್ಮ ಇಬ್ಬರು ಹುಡುಗಿಯರಲ್ಲಿ ಒಬ್ಬರಿಗೆ ಕೊಡುವುದೆಂದಾಯಿತು. ಹುಲಿಗೆಮ್ಮ ಬಾಕಿ ವಿಷಯ ಪಾಸು ಮಾಡಿ ಬಿ.ಎಡ್. ಓದುವ ಹವಣಿಕೆಯಲ್ಲಿದ್ದಳು, ಬೇಡ ಎಂದಳು. ಶೆಫಾಲಿ ಅರ್ಜಿ ಹಾಕಿದಳು. ಅವರ ಮನೆಯಲ್ಲಿ ಅದುವರೆಗೆ ಯಾರೂ ಕಾಯಂ ಸಂಬಳದ ಕೆಲಸ ಕಂಡವರಲ್ಲ. ಸಂದರ್ಶನ ಮುಗಿದು ಹೆಸರೂ ಆಯ್ಕೆಯಾಯಿತು. ಆದೇಶ ಹೊರಬೀಳುವುದೊಂದು ಬಾಕಿ. ಅವರಪ್ಪ ನನ್ನ ಬಳಿ ಬಂದು, ಆ ಊರಿನಲ್ಲಿ ಹೆಣ್ಣುಮಗಳಿಗೆ ಇರಲು ಹಾಸ್ಟೆಲು ಇದೆಯೇ, ಮೀನು ಸಿಗುತ್ತದೆಯೇ ಎಂದು ಎರಡು ಸಲ ವಿಚಾರಿಸಿಕೊಂಡು ಹೋದರು.

ಅದೇ ತಿಂಗಳು ಆ ಹಾಳೆ ಬಂತು. ಒಂದು ಪಕ್ಕಕ್ಕೆ ಶಕ್ತಿಯ ದೊಡ್ಡ ಗುಪ್ಪೆ, ಎದುರು ಪಕ್ಕ ಪೂರ್ತಿ ಬಯಲು. ಮೂರು ವರ್ಷಕ್ಕೆ ಹತ್ತಿರ ಹಾಳೆ ನೋಡುತ್ತಿದ್ದ ನನಗೆ ಇಂಥದು ಕಂಡಿರಲಿಲ್ಲ. ಶೆಫಾಲಿ ಬಾಣ ಎಳೆದು ಸಂಖ್ಯೆ ಬರೆದಿದ್ದಳು. ಹುಲಿಗೆಮ್ಮ ತನ್ನ ಪ್ರತಿಯಲ್ಲಿ ತಾನೇ ಪ್ರತ್ಯೇಕವಾಗಿ ಅಳೆದು ಬರೆದಿದ್ದಳು. ನಾನು ಎರಡೂ ಹಾಳೆ ಪಕ್ಕಪಕ್ಕ ಇಟ್ಟು, ‘ಇಬ್ಬರದೂ ನಾಲ್ಕು’ ಎಂದು ಹೇಳಿಕೊಂಡು ಚೀಲದಲ್ಲಿಟ್ಟುಕೊಂಡೆ.

ಮನೆಯಲ್ಲಿ ಕುಳಿತು ಲಕೋಟೆ ಒಡೆದೆ. ಆ ವಾರ ಸತ್ತ ಹೋಳು ಒಂದೇ ಒಂದು. ನಾಲ್ಕನೆಯದು.

ಹಾಳೆ ರದ್ದಾಗಬೇಕಿತ್ತು. ಸಾಮಾನ್ಯ ಬೆಳಕಿನ ಕಣವೊಂದು ಸತ್ತ ಹೋಳಿಗೆ ಬಿದ್ದು ಹಾಗೆ ಕಾಣಿಸಿದೆ, ಅಷ್ಟೇ. ಆದರೆ ಮೊದಲ ನಿಜವಾದ ಅಭ್ಯರ್ಥಿ ಕಳಿಸಿದವರನ್ನು ಯುರೋಪಿಗೆ ಕರೆದುಕೊಂಡು ಹೋಗುತ್ತೇನೆಂದು ಸಾಹೇಬರು ಮಾತು ಕೊಟ್ಟಿದ್ದರು. ಮಿರ್ಚಿಯವರು ಎನ್ನಿಸಿಕೊಂಡು ಸಾಕಾಗಿತ್ತು. ಶೆಫಾಲಿಯ ಹಾಳೆಯ ಅಂಕಿಯನ್ನು ಮತ್ತೊಮ್ಮೆ ನೋಡಿದೆ. ಎಂಟಿನ ಹಾಗೂ ಇತ್ತು. ಇನ್ನೊಬ್ಬಳದನ್ನು ನೋಡಿದೆ. ಅದೂ ಹಾಗೇ ಇತ್ತು. ಇಬ್ಬರು ಬೇರೆ ಬೇರೆ ನೋಡಿ ಒಂದೇ ಬರೆದಿದ್ದಾರೆಂದರೆ ಎಂಟೇ ಇರಬೇಕಲ್ಲ ಎಂದು ನನಗೆ ನಾನೇ ವಾದಿಸಿದೆ. ಒಂದನೇ ಹೋಳಿನಿಂದ ಬಾಣದವರೆಗೆ ಎಣಿಸಿ ನೋಡಿದ್ದರೆ ಅರ್ಧ ನಿಮಿಷದ ಕೆಲಸ. ಎಣಿಸಲಿಲ್ಲ. ಶುದ್ಧ ಪ್ರತಿಯಲ್ಲಿ ದುಂಡಗೆ 8 ಎಂದು ಬರೆದೆ. ಸುಳ್ಳು ಬರೆಯುತ್ತಿದ್ದೇನೆ ಎಂದು ಆಗ ಅನ್ನಿಸಲಿಲ್ಲ, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸಾಹೇಬರು ಕುಣಿದಾಡಿದರು. ನನ್ನ ಸಂಖ್ಯೆ ನಂಬಿ ಚಿತ್ರವನ್ನು ಪ್ಲಾಸ್ಟಿಕ್ ಹಾಳೆಗೆ ತೆಗೆಸಿಕೊಂಡು ವಿಮಾನ ಹತ್ತಿದರು. ನಾನು ಮುಂದಿನ ಸಭೆಗೆ ಹೋಗುವುದೆಂದಾಯಿತು. ಪ್ರಿನ್ಸಿಪಾಲರು ಶಾಲು ಹೊದಿಸಿದರು. ಸ್ಥಳೀಯ ಪತ್ರಿಕೆಯೊಂದು ‘ಸಿಂಧನೂರಿನಲ್ಲಿ ಹೊಸ ಕಣ ಪತ್ತೆ’ ಎಂದು ಬರೆಯಿತು. ರೈಸ್ ಮಿಲ್ಲಿನವರೊಬ್ಬರು ಮನೆಗೆ ಬಂದು, ಆ ಕಣ ಭತ್ತದ ಬೆಂಕಿರೋಗಕ್ಕೆ ನಡೆಯುತ್ತದೆಯೇ ಎಂದು ಕೇಳಿದರು. ಪರೀಕ್ಷಿಸಬೇಕು ಎಂದೆ. ಏಪ್ರಿಲ್ ಬಿಸಿಲಿನಲ್ಲಿ ಉಣ್ಣೆಯ ಕೋಟು ಹೊಲಿಯಲು ಹಾಕಿದೆ. ಅಳತೆ ತೆಗೆಯುವಾಗ ದರ್ಜಿ, ‘ಸರ್, ಮೈಯಾಗ ಹುಷಾರ್ ಅದೀರಲ್ಲ?’ ಎಂದ.

ಕೋಟು ತಯಾರಾಗುವ ಮೊದಲೇ ಸುದ್ದಿ ಬಂತು. ಸಾಹೇಬರು ಸಭೆಯಲ್ಲಿ ಚಿತ್ರ ತೋರಿಸಿ ಎಂಟನೇ ಹೋಳಿನ ಖಾಲಿಯನ್ನು ವರ್ಣಿಸಿದ್ದಾರೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ವಿದ್ಯಾರ್ಥಿನಿ ಎದ್ದು ಬಂದು, ಪರದೆಯ ಮೇಲೆ ಬೆರಳಿಟ್ಟು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ, ‘ಇದು ನಾಲ್ಕು, ಆ ವಾರ ಇದು ಕೆಟ್ಟಿತ್ತು’ ಎಂದು ಹೇಳಿ ಹೋಗಿ ಕುಳಿತಳಂತೆ. ಮುನ್ನೂರು ಜನರ ಸಭೆ. ಆ ದಿನ ಅಲ್ಲಿ ಊಟದ ಹೊತ್ತಿಗೆ ಕಾಯದೆ ನಕ್ಕರು.

ವಾರದಲ್ಲಿ ಸಾಹೇಬರು ಇನ್ನಿಬ್ಬರನ್ನು ಕರೆದುಕೊಂಡು ವಿಚಾರಣೆಗೆಂದು ಸಿಂಧನೂರಿಗೆ ಬಂದರು. ಉಗ್ರಾಣದ ಮೇಜಿನ ಮೇಲೆ ಮೂಲ ಹಾಳೆಗಳನ್ನು ಹರಡಿದರು. ನಾನು ಅವರ ಪಕ್ಕ ಕುಳಿತೆ. ಹುಡುಗಿಯರು ನಿಂತಿದ್ದರು.

‘ಇದು ಎಷ್ಟಮ್ಮ?’ ಎಂದು ಸಾಹೇಬರು ಶೆಫಾಲಿಯನ್ನು ಕೇಳಿದರು.

‘ನಾಲ್ಕು ಸರ್.’

‘ಇದು ಎಂಟು.’

‘ಇಲ್ಲ ಸರ್. ಬಂಗಾಲಿ ನಾಲ್ಕು.’

‘ನಂದು ಕನ್ನಡ ನಾಲ್ಕು ರೀ. ಎರಡೂ ಒಂದೇ ಥರ ಇರ್ತಾವ’ ಎಂದಳು ಹುಲಿಗೆಮ್ಮ.

ಸಾಹೇಬರ ಮುಖ ಅರಳಿತು. ಹಗರಣಕ್ಕೆ ಬಂದವರಿಗೆ ಹಾಸ್ಯಪ್ರಸಂಗ ಸಿಕ್ಕಿತ್ತು. ಲಿಪಿಯ ಗೊಂದಲ! ಇದನ್ನು ಯುರೋಪಿನಲ್ಲಿ ಹೇಳಿದರೆ ಎಲ್ಲರೂ ಕ್ಷಮಿಸುತ್ತಾರೆ. ನನ್ನ ಕಡೆ ತಿರುಗಿ, ‘ನಿಮಗೂ ಎಂಟು ಎಂದೇ ಕಂಡಿತು, ಅಲ್ಲವೇ?’ ಎಂದರು.

‘ಹೌದು ಸರ್’ ಎಂದೆ.

ವರದಿ ಅಲ್ಲೇ ತಯಾರಾಯಿತು. ಪರಿಶೀಲಕಿಯರು ಪ್ರಮಾಣಿತ ಅಂಕಿ ಬಳಸದೆ ತಪ್ಪಿಗೆ ಕಾರಣರಾಗಿದ್ದಾರೆ ಎಂದು ಬರೆದರು. ಆ ಅಂಕಿಗಳಲ್ಲಿ ಬರೆಯಲು ಅಪ್ಪಣೆ ಕೊಟ್ಟವನು ನಾನು ಎಂಬುದನ್ನೂ ನಾನು ಹೇಳಲಿಲ್ಲ. ಇಂಥ ಷರಾ ಬಿದ್ದ ಮೇಲೆ ಶೆಫಾಲಿಯ ಆದೇಶಕ್ಕೆ ರುಜು ಹಾಕುವುದು ಕಷ್ಟ, ಕಡತ ಸದ್ಯಕ್ಕೆ ನಿಲ್ಲಲಿ ಎಂದು ಸಾಹೇಬರು ಕಾರು ಹತ್ತುವಾಗ ಹೇಳಿದರು. ಶೆಫಾಲಿ ಹಾಳೆಗಳನ್ನು ಜೋಡಿಸಿ ಪೆಟ್ಟಿಗೆಗೆ ಹಾಕಿ, ಸೈಕಲ್ ಹತ್ತಿ ಕ್ಯಾಂಪಿಗೆ ಹೋದಳು. ನನ್ನ ಕಡೆ ನೋಡಲಿಲ್ಲ.

ಸಂಜೆ ಬಸ್ಸಿನಲ್ಲಿ ಹುಲಿಗೆಮ್ಮ ನನ್ನ ಹಿಂದಿನ ಸೀಟಿನಲ್ಲಿದ್ದಳು. ಮಸ್ಕಿ ಬಂತು. ಇಳಿಯುವ ಮೊದಲು ನನ್ನ ಪಕ್ಕ ನಿಂತು, ಡ್ರೈವರನ ತಲೆಯ ಮೇಲ್ಗಡೆ ಕನ್ನಡದಲ್ಲಿ ಬರೆದ ಬಸ್ಸಿನ ನಂಬರು ತೋರಿಸಿ, ‘ಅದನ್ನ ಓದ್ರಿ ಸರ್’ ಎಂದಳು.

ಓದಿದೆ. ಕೊನೆಯ ಅಂಕಿ ನಾಲ್ಕು.

‘ಬಸ್ಸಿಗೆ ನಾಲ್ಕು, ಶೆಫಾಲಿಗೆ ಎಂಟೇನ್ರಿ?’ ಎಂದು ಕೇಳಿ ಇಳಿದು ಹೋದಳು.

ಇದಾದ ಮೇಲೂ ನಾನು ಮೂರು ವಾರ ಸುಮ್ಮನಿದ್ದೆ. ಪರೀಕ್ಷೆಯ ಮೌಲ್ಯಮಾಪನವಿತ್ತು, ಮನೆಯಲ್ಲಿ ನೆಂಟರಿದ್ದರು, ಸಾಹೇಬರೇ ಮನಸ್ಸು ಬದಲಾಯಿಸಬಹುದು. ಸುಮ್ಮನಿರುವವನಿಗೆ ಕಾರಣ ಹುಡುಕಿ ಕೊಡಬೇಕಾಗಿಲ್ಲ. ಅಷ್ಟರಲ್ಲಿ ಕ್ಯಾಂಪಿನಿಂದ ಶೆಫಾಲಿಯ ಅಪ್ಪ ಮತ್ತೆ ಬಂದರು. ಸಿಟ್ಟಿಲ್ಲ, ತಕರಾರಿಲ್ಲ. ‘ಮಗಳಿಗೆ ನಾನೇ ಆ ಅಂಕಿ ಕಲಿಸಿದ್ದು ಸರ್. ನನ್ನದೇ ತಪ್ಪಾತು. ಸಾಹೇಬ್ರಿಗೆ ಹಂಗಂತ ಹೇಳ್ರಿ’ ಎಂದು ಕೈಮುಗಿದರು. ಆ ಮಾತು ಕೇಳಿ ಕುಳಿತಲ್ಲಿ ಕುಳಿತಿರಲು ಆಗಲಿಲ್ಲ.

ಮಾರನೆಯ ದಿನ ಒಂದು ಕಾಗದ ಬರೆದೆ. ಹಾಳೆಗಳಲ್ಲಿ ನಾಲ್ಕು ಎಂದಿತ್ತು, ನಾನು ನಾಲ್ಕು ಎಂದೇ ಓದಿದೆ, ಸತ್ತ ಹೋಳಿನ ಪಟ್ಟಿ ನೋಡಿದ ಮೇಲೆ ಎಂಟು ಮಾಡಿದೆ, ಪರಿಶೀಲಕಿಯರ ತಪ್ಪು ಏನೂ ಇಲ್ಲ. ಅದನ್ನು ಹಿಡಿದು ಸಂಸ್ಥೆಗೆ ಹೋದೆ. ಸಾಹೇಬರು ಓದಿ, ಮಡಚಿ, ನನ್ನ ಕಡೆ ತಳ್ಳಿದರು.

‘ಇದನ್ನು ನಾನು ನೋಡಿಲ್ಲ. ಲಿಪಿಯ ಗೊಂದಲ ಎಂದರೆ ಮುಗಿಯಿತು. ನೀವೇ ಬದಲಿಸಿದಿರಿ ಎಂದರೆ ನಿಮ್ಮ ಇಡೀ ಕೇಂದ್ರದ ಹಾಳೆಗಳನ್ನು ಕಸದಬುಟ್ಟಿಗೆ ಹಾಕಬೇಕಾಗುತ್ತದೆ. ನನ್ನ ಹೆಸರೂ ಹೋಗುತ್ತದೆ. ಆ ಹುಡುಗಿಗೆ ಬೇರೆ ಏನಾದರೂ ನೋಡೋಣ.’

ಬೇರೆ ಏನು ಎಂದು ಕೇಳಿದೆ. ನೋಡೋಣ ಎಂದರು. ನಾನು ಕಾಗದ ತೆಗೆದುಕೊಂಡು ಕೆಳಗಿಳಿದು, ಆವಕ ವಿಭಾಗದಲ್ಲಿ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಂಡೆ. ಮೊಹರು ಬಿದ್ದ ಕಾಗದವನ್ನು ನೋಡಿಲ್ಲ ಎನ್ನಲು ಯಾವ ಸಾಹೇಬರಿಗೂ ಬರುವುದಿಲ್ಲ.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ನನ್ನ ಹೆಸರು ಯೋಜನೆಯಿಂದ ಹೋಯಿತು, ಲೇಖನಗಳಿಂದಲೂ ಹೋಯಿತು. ನಮ್ಮ ಹಾಳೆಗಳನ್ನು ಬೇರೆಯವರು ಮತ್ತೆ ನೋಡಿದರು. ಹುಡುಗಿಯರ ಷರಾಗಳಲ್ಲಿ ಹೇಳಿಕೊಳ್ಳುವಂಥ ತಪ್ಪು ಸಿಗಲಿಲ್ಲ, ನನ್ನ ಶುದ್ಧ ಪ್ರತಿಯಲ್ಲಿ ಇನ್ನೂ ಕೆಲವು ಸಿಕ್ಕವು. ಉಗ್ರಾಣಕ್ಕೆ ಒಂದು ಕಂಪ್ಯೂಟರ್ ಬಂತು. ವೋಲ್ಟೇಜ್ ಸಾಲದೆ ಅದು ಒಂದು ವರ್ಷ ಬಟ್ಟೆ ಹೊದ್ದು ಕುಳಿತಿತ್ತು. ಅದು ನಡೆಯಲು ಶುರುವಾದಾಗ ಕಣ್ಣಿನಿಂದ ಹಾಳೆ ನೋಡುವ ಕೆಲಸವೇ ಮುಗಿದಿತ್ತು. ನನ್ನನ್ನು ಮತ್ತೆ ಕರೆದರು, ಫ್ಲಾಪಿಗಳಿಗೆ ನಂಬರು ಅಂಟಿಸಲು. ತೊಂಬತ್ತರ ದಶಕ ಮುಗಿಯುವವರೆಗೆ ಅಂಟಿಸಿದೆ. ಕಣ ಸಿಗಲಿಲ್ಲ. ಇಷ್ಟು ತೂಕದ ಒಳಗೆ ಅದು ಇಲ್ಲ ಎಂದು ಪ್ರತಿ ವರ್ಷ ಒಂದು ಲೇಖನ ಬಂತು. ಹುಲಿಗೆಮ್ಮ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನನಗಿಂತ ಒಳ್ಳೆಯ ಮೇಷ್ಟ್ರೆನಿಸಿಕೊಂಡಳು.

ಈ ಕೆಲಸಕ್ಕೆ ಬರುವವರಿಗೆ ಹೇಳಬೇಕಾದದ್ದು ಇಷ್ಟೇ. ಈಗ ಉತ್ತರವನ್ನು ಮುಚ್ಚಿಟ್ಟು ಅಳೆಯುವ ಪದ್ಧತಿ ಬಂದಿದೆಯಂತೆ, ಕೊನೆಯ ದಿನದವರೆಗೆ ಯಾರಿಗೂ ತೋರಿಸುವುದಿಲ್ಲವಂತೆ. ಬಹಳ ಒಳ್ಳೆಯದು. ಹಾಗೆ ಮುಚ್ಚಿಡುವಾಗ ಕೆಳಗಿನವರಿಂದ ಮಾತ್ರ ಮುಚ್ಚಿಡಬೇಡಿ. ಮೇಲೆ ಕುಳಿತವನಿಗೇ ಆಸೆ ಹೆಚ್ಚು.

ಶೆಫಾಲಿಯ ಆದೇಶ ಮಳೆಗಾಲ ಶುರುವಾದಾಗ ಬಂತು. ಅವಳು ಊರು ಬಿಡುವ ದಿನ ಬೆಳಿಗ್ಗೆ ಸಿಂಧನೂರು ಬಸ್‌ಸ್ಟ್ಯಾಂಡಿಗೆ ಹೋದೆ. ಹಣ್ಣು ಕೊಂಡೊಯ್ದಿದ್ದೆ. ಅವಳು ಎರಡು ಒಳ್ಳೆಯ ಮಾತು ಆಡಬಹುದು, ನನ್ನ ಮನಸ್ಸು ಹಗುರಾಗಬಹುದು ಎಂಬ ಆಸೆ ಇತ್ತು. ಅವರಪ್ಪ ಟಿಕೆಟು ವಿಚಾರಿಸಲು ಹೋಗಿದ್ದರು. ಅವಳು ಟ್ರಂಕಿನ ಪಕ್ಕ ನಿಂತು ಹಣ್ಣಿನ ಚೀಲ ತೆಗೆದುಕೊಂಡಳು.

‘ನೀವು ಹಾಳಿ ಎರಡೂ ಇಟ್ಟು “ಇಬ್ಬರದೂ ನಾಲ್ಕು” ಅಂದ್ರಲ್ಲ ಸರ್, ಆಗ ನಾ ನಿಮ್ಮ ಹಿಂದ ಕಸ ಹೊಡಿಯಾಕತ್ತಿದ್ದೆ’ ಎಂದಳು.

‘ಮತ್ತ ಆವತ್ತು ಸಾಹೇಬರ ಮುಂದ ಯಾಕ ಹೇಳಲಿಲ್ಲವಾ?’ ಎಂದೆ.

‘ನೀವೂ ಅಲ್ಲೇ ಕುಂತಿದ್ರಿ ಸರ್. ನಾ ಹೇಳಿದ್ರ ಯಾರು ನಂಬ್ತಿದ್ರು?’

ಬಸ್ಸು ಬಂದು ನಿಂತಿತು. ನಾನು ಟ್ರಂಕಿನ ಒಂದು ಕಡೆ ಹಿಡಿದೆ, ಅವಳು ಇನ್ನೊಂದು ಕಡೆ ಹಿಡಿದಳು. ಇಬ್ಬರೂ ಸೇರಿ ಅದನ್ನು ಬಸ್ಸಿಗೆ ಏರಿಸಿದೆವು.